ಆಕ್ಸಲ್ ಹಿಂದಿನ ಭಾರ

ಗುಂಡಿಯಕ್ಕನಿಗೆ ಆ ಹೆಸರು ಬಂದದ್ದು ಅಂಗಿಯ ಗುಂಡಿಗಳಿಂದ. ಯಾರ ಬಟ್ಟೆಯಲ್ಲಾದರೂ ಗುಂಡಿ ಕಿತ್ತುಹೋಗಿದ್ದರೆ ಆಕೆಗೆ ಸುಮ್ಮನಿರಲು ಬರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಪರಿಚಿತನಿಗೂ "ಸ್ವಲ್ಪ ತೋಳು ಈ ಕಡೆ ಕೊಡಪ್ಪ" ಎಂದು ಚೀಲದಿಂದ ಸೂಜಿದಾರ ತೆಗೆಯುತ್ತಿದ್ದಳು. ಆಕೆಯ ನಾದಿನಿ ಇದನ್ನು ನೋಡಿ ನಗುತ್ತ, "ನಮ್ಮತ್ತಿಗೆಗೂ ನನಗೂ ಇಷ್ಟೇ ವ್ಯತ್ಯಾಸ. ಗುಂಡಿ ಕಂಡ್ರೆ ಅವರು ಹಿಗ್ತಾರೆ, ನಾನು ಬ್ರೇಕ್ ಹಾಕ್ತೀನಿ" ಎನ್ನುತ್ತಿದ್ದಳು.

ನಾದಿನಿ ಬ್ರೇಕಿನ ಮಾತಾಡುವುದಕ್ಕೆ ಕಾರಣವಿತ್ತು. ಅವಳು ಬಹಳ ವರ್ಷ ಶಾಲೆಯೊಂದರ ವ್ಯಾನ್ ಓಡಿಸಿದವಳು. ಮಕ್ಕಳು 'ವ್ಯಾನ್ ಮಿಸ್' ಎಂದು ಕರೆದರು, ಅದೇ ಉಳಿದುಕೊಂಡಿತು. ಅವಳ ವ್ಯಾನಿನಲ್ಲಿ ನಿದ್ದೆಹೋದ ಮಕ್ಕಳಿಗೆ ಗಾಡಿ ತಮ್ಮ ಮನೆ ಮುಂದೆ ನಿಂತದ್ದೇ ಗೊತ್ತಾಗುತ್ತಿರಲಿಲ್ಲ, ತಾಯಂದಿರು ಬಂದು ಎತ್ತಿಕೊಂಡು ಹೋಗಬೇಕಾಗುತ್ತಿತ್ತು. ಅವಳಿಗೆ ಮದುವೆ ಮಕ್ಕಳು ಒಂದೂ ಇರಲಿಲ್ಲ. "ನನಗೆ ನಲವತ್ತು ಮಕ್ಕಳು, ಒಂದೂ ನನ್ನ ಮನೇಲಿ ಮಲಗಲ್ಲ" ಎಂದು ತಮಾಷೆ ಮಾಡುತ್ತಿದ್ದಳು. ಅವಳು ಹೆಮ್ಮೆಪಟ್ಟುಕೊಳ್ಳುತ್ತಿದ್ದ ಸಂಗತಿ ಒಂದೇ. ಅದು ತನ್ನ ಕೈ.

ಇಬ್ಬರನ್ನೂ ಬೆಸೆದವನು ಒಬ್ಬನೇ ಗಂಡಸು. ಅವನು ಗುಂಡಿಯಕ್ಕನ ಗಂಡ, ವ್ಯಾನ್ ಮಿಸ್‌ಗೆ ಒಡಹುಟ್ಟಿದ ಅಣ್ಣ. ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅವನ ಕೆಲಸ. ಕಡೆಯ ಎರಡು ವರ್ಷ, ಶೆಡ್ಡಿನಲ್ಲಿ ಮಿಕ್ಕಿದ ಪ್ಲೈವುಡ್ಡು, ಅಲ್ಯೂಮಿನಿಯಂ ತಗಡು ಕೂಡಿಟ್ಟುಕೊಂಡು ಒಂದು ಪೆಟ್ಟಿಗೆಮನೆ ಕಟ್ಟಿದ. ಪಿಕಪ್ ಗಾಡಿಯ ಬೆನ್ನ ಮೇಲೆ ಕೂರುವ ಮನೆ. ಬೇಕೆಂದಾಗ ಕೂರಿಸಬಹುದು, ಬೇಡವೆಂದಾಗ ಇಳಿಸಬಹುದು. ಒಳಗೆ ಎರಡು ಹಲಗೆಮಂಚ, ಒಂದು ಒಲೆ, ಡ್ರೈವರ್ ಗೂಡಿನ ಕಡೆಗೆ ನೀರಿನ ಪೀಪಾಯಿ, ಹಿಂದೆ ಅಗಲವಾದ ಬಾಗಿಲು. ಊರೂರಿನ ಸಂತೆಗೆ ಹೆಂಡತಿಯ ಹೊಲಿಗೆ ಅಂಗಡಿಯನ್ನು ಕೊಂಡೊಯ್ಯಬೇಕೆಂಬುದು ಅವನ ಆಸೆ. ಒಂದೇ ಒಂದು ಸಂತೆ ನೋಡಿದ. ಮುಂದಿನ ತಿಂಗಳು ಎದೆನೋವೆಂದು ಕೂತವನು ಏಳಲಿಲ್ಲ.

ಸಂತೆಗಳು ಅಲ್ಲಿಗೇ ನಿಂತವೆಂದು ಎಲ್ಲರೂ ತಿಳಿದರು. ಆದರೆ ವ್ಯಾನ್ ಮಿಸ್ ಒಂದು ಬೆಳಿಗ್ಗೆ ಬಂದು, "ಅತ್ತಿಗೆ, ಶಾಲೆ ಕೆಲಸ ಬಿಟ್ಟೆ. ನೀವು ಹೊಲೀರಿ, ನಾನು ಓಡಿಸ್ತೀನಿ. ಅಣ್ಣ ಕಟ್ಟಿದ್ದು ಶೆಡ್ಡಲ್ಲಿ ತುಕ್ಕು ಹಿಡಿಯೋದು ಬೇಡ" ಎಂದಳು. ಗುಂಡಿಯಕ್ಕ ಆ ದಿನ ಅತ್ತಷ್ಟು ಗಂಡ ಹೋದ ದಿನವೂ ಅತ್ತಿರಲಿಲ್ಲ.

ಪೆಟ್ಟಿಗೆಮನೆಯನ್ನು ಗಾಡಿಯ ಮೇಲೆ ಕೂರಿಸುವುದು ಇಬ್ಬರು ಕೂಡಿ ಮಾಡುವ ಕೆಲಸ. ಮನೆ ತನ್ನ ನಾಲ್ಕು ಮೂಲೆಯ ಕಬ್ಬಿಣದ ಕಾಲುಗಳ ಮೇಲೆ ನಿಂತಿರುತ್ತದೆ. ಪ್ರತಿ ಕಾಲಿಗೂ ತಿರುಗಿಸುವ ಜಾಕಿ. ಗಾಡಿಯನ್ನು ಹಿಮ್ಮುಖವಾಗಿ ಆ ಕಾಲುಗಳ ನಡುವೆ, ಮನೆಯ ಕೆಳಕ್ಕೆ ತೂರಿಸಬೇಕು. ಡ್ರೈವರಿಗೆ ಕನ್ನಡಿಯಲ್ಲಿ ಕಾಲುಗಳು ಕಾಣುತ್ತವೆಯೇ ಹೊರತು, ಮನೆಯ ಮುಂಗೋಡೆಗೂ ಡ್ರೈವರ್ ಗೂಡಿನ ಹಿಂದಿನ ಹಲಗೆಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂಬುದು ಕಾಣುವುದಿಲ್ಲ. ಅದನ್ನು ಪಕ್ಕದಲ್ಲಿ ನಿಂತವರೇ ಬಗ್ಗಿ ನೋಡಿ ಹೇಳಬೇಕು. ಅದು ಗುಂಡಿಯಕ್ಕನ ಕೆಲಸವಾಗಿತ್ತು. "ಬಾ, ಬಾ, ಬಾ... ಸ್ವಲ್ಪ ಎಡಕ್ಕೆ... ಬಾ... ತಗುಲಿತು!" ಅದಾದ ಮೇಲೆ ಜಾಕಿ ಇಳಿಸಿ, ನಾಲ್ಕೂ ಕಡೆ ತಿರುಪಿನ ಕೊಂಡಿ ಬಿಗಿಯುವುದು.

ಇದನ್ನೆಲ್ಲ ಕಲಿಸಿದ್ದು ಗಂಡನೇ. "ಭಾರ ಯಾವಾಗ್ಲೂ ಹಿಂದಿನ ಆಕ್ಸಲ್‌ಗಿಂತ ಮುಂದೆ ಇರ್ಬೇಕು" ಎಂದು ಅವನು ಮನೆಯ ನೆಲದ ಮೇಲೆ, ಹಿಂದಿನ ಎರಡು ಚಕ್ರಗಳನ್ನು ಕೂಡಿಸುವ ಆಕ್ಸಲ್ ಬರುವ ಕಡೆ, ಅಡ್ಡಲಾಗಿ ಕೆಂಪು ಬಣ್ಣದ ಗೆರೆ ಎಳೆದಿದ್ದ. "ಗೆರೆ ಹಿಂದಕ್ಕೆ ಭಾರ ಹೋಯ್ತೋ, ಮುಂದಿನ ಚಕ್ರ ಮೇಲೇಳೋಕೆ ನೋಡುತ್ತೆ. ಆಮೇಲೆ ಸ್ಟೀರಿಂಗ್ ಹಿಡಿಯೋದೂ ಒಂದೇ, ಊಟದ ತಟ್ಟೆ ಹಿಡಿಯೋದೂ ಒಂದೇ."

ತೊಂದರೆಯೆಲ್ಲ ಹೊಲಿಗೆ ಮಿಶಿನ್ನಿನದು. ಕ್ಯಾನ್ವಾಸು, ಚರ್ಮ, ಏನು ಕೊಟ್ಟರೂ ಹೊಲಿಯುವ ದೊಡ್ಡ ಮಿಶಿನ್ನು. ಅದರ ಕಾಲೂ ಮೈಯೂ ಎರಕದ ಕಬ್ಬಿಣ. ಸಂತೆಯಲ್ಲಿ ಬೆಳಕು ಬೇಕು, ಗಿರಾಕಿಗೆ ಕಾಣಬೇಕು, ಆದ್ದರಿಂದ ಅದನ್ನು ಹಿಂಬಾಗಿಲ ಹತ್ತಿರ ತರಬೇಕು. ಹೊರಡುವಾಗ ಮತ್ತೆ ಗೆರೆಯ ಆಚೆಗೆ, ಮುಂಗೋಡೆಗೆ ಒತ್ತಿ ನಿಲ್ಲಿಸಬೇಕು. ಜೊತೆಗೆ ಬಟ್ಟೆಯ ಟ್ರಂಕು, ಇಸ್ತ್ರಿಪೆಟ್ಟಿಗೆ. ಹಳೆಯ ಜಮಖಾನದ ತುಂಡಿನ ಮೇಲೆ ಮಿಶಿನ್ ಕೂರಿಸಿ ಇಬ್ಬರೂ ಎಳೆಯುತ್ತಿದ್ದರು. ಪ್ರತಿ ಸಲವೂ ಗುಂಡಿಯಕ್ಕನ ಸೊಂಟ ಹಿಡಿದುಕೊಳ್ಳುತ್ತಿತ್ತು. "ಒಂದ್ಸಲ ಹಿಂದೇನೇ ಇದ್ರೆ ಏನಾಗುತ್ತೆ?" ಎಂದು ಆಕೆ ಗೊಣಗಿದರೆ, ವ್ಯಾನ್ ಮಿಸ್ "ಒಂದ್ಸಲಾನೇ ಸಾಕಾಗುತ್ತೆ ಅತ್ತಿಗೆ" ಎನ್ನುತ್ತಿದ್ದಳು.

ಆ ಸಂತೆಯ ದಿನ ಮಧ್ಯಾಹ್ನದ ಮೇಲೆ ಮೋಡ ಕವಿಯಿತು. ವ್ಯಾನ್ ಮಿಸ್ ಪೆಟ್ಟಿಗೆಮನೆಯನ್ನು ಕಾಲುಗಳ ಮೇಲೆ ಬಿಟ್ಟು, ಬರಿ ಪಿಕಪ್ ತೆಗೆದುಕೊಂಡು ಪಂಚರ್ ಹಾಕಿಸಲು ಹೋದಳು. ಹೋಗುವಾಗ, "ಟ್ರಂಕು ಮುಂದಿಡಿ, ಪೀಪಾಯಿಗೆ ನೀರು ತುಂಬ್ಸಿ. ಮಿಶಿನ್ ಒಬ್ಬರೇ ಎಳೀಬೇಡಿ, ನಾನು ಬಂದ್ಮೇಲೆ ಇಬ್ಬರೂ ಎಳೆಯೋಣ" ಎಂದಳು. ಅಷ್ಟರಲ್ಲಿ ಒಬ್ಬ ಹೆಂಗಸು ಜಿಪ್ ಹೋದ ಕೋಟು ಹಿಡಿದು ಓಡಿಬಂದಳು. ಅದು ಮುಗಿಯುವಷ್ಟರಲ್ಲಿ ಇನ್ನೊಬ್ಬಳು. ಗುಂಡಿಯಕ್ಕ ಬೆಳಿಗ್ಗೆಯೇ ಪೀಪಾಯಿಯ ನೀರನ್ನೆಲ್ಲ ಬಟ್ಟೆ ಒಗೆಯಲು ಖಾಲಿ ಮಾಡಿದ್ದಳು. ಮತ್ತೆ ತುಂಬುವುದು ಮರೆತೇಹೋಯಿತು. ಪಿಕಪ್ ಬಂದು ನಿಂತಾಗ ಹನಿ ಬೀಳತೊಡಗಿತ್ತು.

"ಮಿಶಿನ್?" ಎಂದು ವ್ಯಾನ್ ಮಿಸ್ ಕಿಟಕಿಯಿಂದ ಕೂಗಿದಳು.

ಗುಂಡಿಯಕ್ಕ ಆಗತಾನೇ ಮಿಶಿನ್ ಮೇಲೆ ಹೊದಿಕೆ ಹಾಕಿ ಬಾಗಿಲು ಮುಚ್ಚಿದ್ದಳು. ಸೊಂಟ ಸಿಡಿಯುತ್ತಿತ್ತು. ಮತ್ತೆ ಬಾಗಿಲು ತೆರೆಯುವುದು, ಜಮಖಾನ ಹಾಸುವುದು, ಎಳೆಯುವುದು... ಮಳೆ ಜೋರಾಗುವ ಮೊದಲು ಮನೆ ಸೇರಿದರೆ ಸಾಕಾಗಿತ್ತು.

"ಹೂಂ, ಎಳೆದೆ" ಎಂದಳು.

"ಒಬ್ಬರೇನಾ? ನಿಮ್ಮ ಸೊಂಟಕ್ಕೆ ನೀವೇ ಶತ್ರು" ಎಂದು ಬೈದು, ವ್ಯಾನ್ ಮಿಸ್ ಗಾಡಿಯನ್ನು ಹಿಂದಕ್ಕೆ ಬಿಟ್ಟಳು. ಗುಂಡಿಯಕ್ಕ ತಲೆಗೆ ಚೀಲ ಹಿಡಿದು ಪಕ್ಕದಲ್ಲಿ ನಿಂತಳು. ಮುಂಗೋಡೆ ಹಲಗೆಗೆ ಇನ್ನೂ ಒಂದು ಗೇಣು ದೂರವಿದ್ದಾಗ ಹನಿ ಜೋರಾಯಿತು. ಕಾಲಿನ ಕೆಳಗೆ ಕೆಸರು. "ತಗುಲಿತಾ?" ಎಂಬ ಕೂಗು ಕೇಳಿತು. "ಸಾಕು, ಸಾಕು!" ಎಂದು ಗುಂಡಿಯಕ್ಕ ಕೈಯೆತ್ತಿದಳು. ಒಂದು ಗೇಣಿನಿಂದ ಪ್ರಪಂಚ ಮುಳುಗುವುದಿಲ್ಲವೆಂದು ಆ ಹೊತ್ತಿಗೆ ಆಕೆಗೆ ತೋರಿತು.

ಊರು ದಾಟಿದ ಮೇಲೆ ಮಳೆ ನಿಂತಿತು. ನೇರ ದಾರಿಯಲ್ಲಿ ಸ್ವಲ್ಪ ದೂರ ಹೋದದ್ದೇ, ವ್ಯಾನ್ ಮಿಸ್ ಹುಬ್ಬು ಗಂಟಿಕ್ಕಿ, "ಯಾಕೋ ಇವತ್ತು ಗಾಡಿ ತೇಲ್ತಿದೆ ಅತ್ತಿಗೆ. ಮುಂದುಗಡೆ ಹಗುರ ಅನ್ಸುತ್ತೆ" ಎಂದಳು.

ಗುಂಡಿಯಕ್ಕ ಆಗಲಾದರೂ ಹೇಳಬಹುದಾಗಿತ್ತು. "ಗಾಳಿ ಇರ್ಬೇಕು ಕಣೇ" ಎಂದಳು.

ಮುಂದೆ ದಾರಿ ಒಂದು ದಿಬ್ಬ ಹತ್ತುತ್ತದೆ, ದಿಬ್ಬದ ನೆತ್ತಿಯಲ್ಲೇ ಎಡಕ್ಕೆ ತಿರುವು. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಜಗ್ಗಿತು. ನೆತ್ತಿಗೆ ಬಂದಾಗ ವ್ಯಾನ್ ಮಿಸ್ ಸ್ಟೀರಿಂಗ್ ಎಡಕ್ಕೆ ತಿರುಗಿಸಿದಳು. ಸ್ಟೀರಿಂಗ್ ತಿರುಗಿತು, ಗಾಡಿ ತಿರುಗಲಿಲ್ಲ. ಅದು ಬಲಕ್ಕೆ, ರಸ್ತೆಯ ಆ ಬದಿಗೆ ನೇರ ನುಗ್ಗಿತು. ಎದುರಿನಿಂದ ಒಬ್ಬ ಮನುಷ್ಯ ಸೈಕಲ್ ಮೇಲೆ ಬರುತ್ತಿದ್ದ. ಗುಂಡಿಯಕ್ಕ ಅವನ ತೆರೆದ ಬಾಯಿ ನೋಡಿದಳು. ಅವನು ಸೈಕಲ್ ಬಿಟ್ಟು ಹೊಲದ ಕಡೆ ಹಾರಿದ. ವ್ಯಾನ್ ಮಿಸ್ ಹೇಗೋ ಗಾಡಿಯನ್ನು ಸೈಕಲ್ಲಿನಿಂದ ತಪ್ಪಿಸಿದಳು. ಬಾಲ ಒಲೆದು, ಪಿಕಪ್ಪು ಚರಂಡಿಗೆ ಇಳಿದು ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಂತಿತು.

ಸೈಕಲ್ಲಿನವನ ಮೊಣಕಾಲು ತರಚಿತ್ತು, ಮುಂದಿನ ಚಕ್ರ ಸೊಟ್ಟಗಾಗಿತ್ತು. ಗುಂಡಿಯಕ್ಕನಿಗೆ ಗಾಯವೇ ಇಲ್ಲ. ವ್ಯಾನ್ ಮಿಸ್‌ಳ ಭುಜದ ಮೂಳೆ ಬಿರಿದಿತ್ತು. ಪೆಟ್ಟಿಗೆಮನೆಯ ಬಾಗಿಲು ತೆರೆದುಕೊಂಡು, ಮಿಶಿನ್ನು ಕೆಸರಿನಲ್ಲಿ ಮಲಗಿತ್ತು. ಟ್ರಂಕು, ಪಾತ್ರೆ, ಹಾಸಿಗೆ, ದಾರದುಂಡೆ ಎಲ್ಲ ಕಲಸಿಹೋಗಿತ್ತು. ಯಾವುದು ಎಲ್ಲಿತ್ತೆಂದು ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಆಂಬುಲೆನ್ಸಿಗಾಗಿ ಕಾಯುತ್ತ, ನಾದಿನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗಲೇ, ಹೇಳದಿದ್ದರೂ ನಡೆಯುತ್ತದೆ ಎಂಬ ಯೋಚನೆ ಗುಂಡಿಯಕ್ಕನಿಗೆ ಬಂತು. ಅದು ಬಂದದ್ದಕ್ಕೆ ಆಕೆ ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ.

ಗಾಡಿಯನ್ನೂ ಮನೆಯನ್ನೂ ಶೆಡ್ಡಿಗೆ ಎಳೆತರಲಾಯಿತು. ಅಲ್ಲಿನ ಮೇಸ್ತ್ರಿ ಗಂಡನ ಹಳೆಯ ಜೊತೆಗಾರ. ಅವನು ಗಾಡಿಯ ಕೆಳಗೆಲ್ಲ ತೂರಿ ನೋಡಿ, ಆಸ್ಪತ್ರೆಗೆ ಬಂದು ಮಂಚದ ಪಕ್ಕ ಕೂತ.

"ಬ್ರೇಕ್ ಸರಿಯಾಗಿದೆ. ಸ್ಟೀರಿಂಗ್ ರಾಡೂ ಸರಿಯಾಗಿದೆ. ಟೈರೂ ಪರವಾಗಿಲ್ಲ" ಎಂದ. "ಭಾರ ಎಲ್ಲಿತ್ತಮ್ಮ?"

ಉತ್ತರ ಕೊಟ್ಟವಳು ವ್ಯಾನ್ ಮಿಸ್. "ಎಲ್ಲಾ ಮುಂದೇನೇ ಇತ್ತು ಮೇಸ್ತ್ರಿ. ಅತ್ತಿಗೆ ಒಬ್ಬರೇ ಎಳೆದಿಟ್ಟಿದ್ರು, ಪಾಪ. ಪೆಟ್ಟಿಗೆನೂ ತಗುಲಿಸೇ ಕೂರಿಸಿದ್ವಿ, ಅವರೇ ನೋಡಿದ್ರು." ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿ, "ಅಂದ್ರೆ ನಾನೇ" ಎಂದಳು.

ಗುಂಡಿಯಕ್ಕ ಕೈಯಲ್ಲಿದ್ದ ಲೋಟವನ್ನು ಸ್ಟೂಲಿನ ಮೇಲೆ ಇಟ್ಟಳು, ಮತ್ತೆ ಎತ್ತಿಕೊಂಡಳು, ಮತ್ತೆ ಇಟ್ಟಳು. ನಾದಿನಿಯ ನೋವು ಸ್ವಲ್ಪ ಇಳಿಯಲಿ, ಆಮೇಲೆ ಹೇಳುವುದು ಎಂದುಕೊಂಡಳು. ನೋವು ಇಳಿದ ಮೇಲೆ, ಮನೆಗೆ ಹೋಗಲಿ ಎಂದುಕೊಂಡಳು. ಮನೆಗೆ ಹೋದ ಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಎದ್ದು ಕೂತಿತು. ತಪ್ಪಿಗಿಂತ ಆ ಪ್ರಶ್ನೆಯೇ ದಿನದಿನಕ್ಕೆ ದೊಡ್ಡದಾಗುತ್ತ ಹೋಯಿತು.

ಭುಜದ ಮೂಳೆ ಕೂಡಿಕೊಂಡರೂ ವ್ಯಾನ್ ಮಿಸ್ ಗಾಡಿಯ ಹತ್ತಿರ ಹೋಗಲಿಲ್ಲ. ಮೊದಲು ಕಣ್ಣು ಪರೀಕ್ಷೆ ಮಾಡಿಸಿದಳು, ಆಮೇಲೆ ಕಿವಿ, ಆಮೇಲೆ ತಲೆಯ ನರಗಳದ್ದು. ಪ್ರತಿ ಸಲವೂ ಗುಂಡಿಯಕ್ಕ ಜೊತೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದಳು. "ಏನೂ ಇಲ್ಲವಂತೆ" ಎಂದು ಹೊರಬರುತ್ತಿದ್ದ ನಾದಿನಿಯ ಮುಖದಲ್ಲಿ ಸಮಾಧಾನವಿರುತ್ತಿರಲಿಲ್ಲ. "ಏನಾದ್ರೂ ಇದೆ ಅಂದಿದ್ರೆ ಮದ್ದು ತಗೋಬಹುದಿತ್ತು. ಏನೂ ಇಲ್ದೆ ನಾನು ಹಾಗೆ ಮಾಡಿದೆ ಅಂದ್ರೆ... ಶಾಲೆ ಮಕ್ಕಳು ಇದ್ದಿದ್ರೆ ಅತ್ತಿಗೆ? ವ್ಯಾನಲ್ಲಿ ಮಕ್ಕಳಿದ್ದಿದ್ರೆ?"

ರಸ್ತೆ ದಾಟುವಾಗ ಅವಳು ಅತ್ತಿಗೆಯ ಕೈ ಹಿಡಿಯತೊಡಗಿದಳು. ಒಂದು ಕಾಲಕ್ಕೆ ಮಕ್ಕಳನ್ನು ಸಾಲಾಗಿ ದಾಟಿಸುತ್ತಿದ್ದವಳು. ಆ ಬೆರಳುಗಳು ತನ್ನ ಅಂಗೈಯಲ್ಲಿ ಬಿಗಿಯಾದಾಗಲೆಲ್ಲ ಗುಂಡಿಯಕ್ಕನಿಗೆ ಕೆಂಡ ಮುಟ್ಟಿದಂತಾಗುತ್ತಿತ್ತು.

ಹೇಳಲಾಗದ್ದನ್ನು ಆಕೆ ಸೇವೆಯಲ್ಲಿ ತೀರಿಸಲು ನೋಡಿದಳು. ನಾದಿನಿಯ ತಲೆ ಬಾಚಿದಳು, ಬಟ್ಟೆ ಒಗೆದಳು, ಮೊಟ್ಟೆಯಿದ್ದರೆ ಎರಡನ್ನೂ ಅವಳ ತಟ್ಟೆಗೇ ಹಾಕಿದಳು. ಒಂದು ದಿನ ವ್ಯಾನ್ ಮಿಸ್ ತಟ್ಟೆ ಸರಿಸಿ, "ಇಷ್ಟೊಂದು ಒಳ್ಳೆಯವರಾಗಬೇಡಿ ಅತ್ತಿಗೆ. ಅಣ್ಣನ ಗಾಡಿ ಹಾಳು ಮಾಡ್ದೆ, ನಿಮ್ಮ ಅಂಗಡಿ ಹಾಳು ಮಾಡ್ದೆ. ನೀವು ಒಂದ್ಸಲ ಬೈದ್ಬಿಟ್ರೆ ನನಗೆ ಹಗುರಾಗುತ್ತೆ" ಎಂದಳು. ಗುಂಡಿಯಕ್ಕ ಎದ್ದು ಹಿತ್ತಲಿಗೆ ಹೋದಳು. ನಲ್ಲಿ ತಿರುಗಿಸಿ ನೀರಿನ ಸದ್ದಿನಲ್ಲಿ ಅತ್ತು, ಕಣ್ಣೊರೆಸಿಕೊಂಡು ಬಂದು "ಈರುಳ್ಳಿ" ಎಂದಳು. ಆ ದಿನ ಅಡುಗೆಗೆ ಈರುಳ್ಳಿಯೇ ಇರಲಿಲ್ಲ.

ಸೈಕಲ್ಲಿನವನ ಮನೆಗೂ ಹೋದರು. ಅವನು ಬೀಗ ರಿಪೇರಿ ಮಾಡುವವನು. ಸೈಕಲ್ ಮೇಲೆ ಹಳ್ಳಿಗಳನ್ನು ಸುತ್ತುತ್ತಿದ್ದ. ವ್ಯಾನ್ ಮಿಸ್ ಹಣ್ಣಿನ ಚೀಲ ಕೆಳಗಿಟ್ಟು, ಅವನ ಮುಂದೆಯೂ ಅವನ ಹೆಂಡತಿಯ ಮುಂದೆಯೂ ಕೈಮುಗಿದು ಅತ್ತಳು. "ತಪ್ಪು ನಂದೇ. ಗಾಡಿ ನನ್ನ ಕೈ ತಪ್ಪಿತು." ಬೀಗದವನು ಒಳ್ಳೆಯವನು. "ಬಿಡಮ್ಮ, ವಯಸ್ಸಾಗ್ತಾ ಎಲ್ಲರಿಗೂ ಕೈ ತಪ್ಪುತ್ತೆ" ಎಂದ. ವ್ಯಾನ್ ಮಿಸ್ ಆ ಮಾತನ್ನು ಮನೆಯವರೆಗೂ ಹೊತ್ತು ತಂದಳು. ಗುಂಡಿಯಕ್ಕ ಅಲ್ಲೇ, ಪಕ್ಕದ ಚಾಪೆಯ ಮೇಲೆ, ಬಾಯಿಗೆ ಹೊಲಿಗೆ ಹಾಕಿಕೊಂಡವಳಂತೆ ಕೂತಿದ್ದಳು.

ಬೇಸಿಗೆ ಬಂದಾಗ ಗಾಡಿಯನ್ನೂ ಪೆಟ್ಟಿಗೆಮನೆಯನ್ನೂ ಮಾರಿಬಿಡುವುದೆಂದು ವ್ಯಾನ್ ಮಿಸ್ ನಿರ್ಧರಿಸಿದಳು. ಮೇಸ್ತ್ರಿ ಅಷ್ಟರಲ್ಲಿ ಎರಡನ್ನೂ ಸರಿಪಡಿಸಿದ್ದ. ಕೊಳ್ಳಲು ಬಂದವನು ಕನ್ನಡಕದ ಅಂಗಡಿಯವನು. ಹಳ್ಳಿಗಳಿಗೆ ಹೋಗಿ ಕಣ್ಣು ನೋಡುವ ಯೋಚನೆ ಅವನದು. ಶೆಡ್ಡಿನ ಅಂಗಳದಲ್ಲಿ ಪೆಟ್ಟಿಗೆಮನೆ ನಾಲ್ಕು ಕಾಲಿನ ಮೇಲೆ ನಿಂತಿತ್ತು. ಅವನು ಕನ್ನಡಿ, ಬಾಗಿಲು, ಒಲೆ ಎಲ್ಲ ನೋಡಿ, "ಮತ್ತೆ ಆಕ್ಸಿಡೆಂಟ್ ಆದ ಗಾಡಿ ಅಂತಾರಲ್ಲ?" ಎಂದ.

"ಗಾಡಿ ಅಪ್ಪಟ ಚಿನ್ನ. ಓಡಿಸಿದವಳೇ ಸರಿ ಇರಲಿಲ್ಲ" ಎಂದಳು ವ್ಯಾನ್ ಮಿಸ್. ಮಾರುಕಟ್ಟೆಯಲ್ಲಿ ತರಕಾರಿ ಬೆಲೆ ಹೇಳುವಂತೆ, ಭಾವನೆಯೇ ಇಲ್ಲದೆ ಹೇಳಿದಳು.

ಕೂರಿಸುವುದು ಹೇಗೆಂದು ಅವನೇ ಒಮ್ಮೆ ಮಾಡಿ ನೋಡಬೇಕಿತ್ತು. ಅವನು ಪಿಕಪ್ ಹತ್ತಿದ. ವ್ಯಾನ್ ಮಿಸ್ ದೂರದ ಕಲ್ಲಿನ ಮೇಲೆ ಹೋಗಿ ಕೂತಳು. ಮೇಸ್ತ್ರಿ ಆ ಬದಿಯ ಕಾಲುಗಳನ್ನು ನೋಡಿಕೊಳ್ಳುತ್ತ, "ಅಕ್ಕ, ನೀವು ಮುಂಗೋಡೆ ನೋಡಿ ಹೇಳಿ. ನಿಮಗೆ ಅಭ್ಯಾಸ ಇದೆ" ಎಂದ.

ಗುಂಡಿಯಕ್ಕ ನಿಂತಳು. ಗಾಡಿ ಹಿಂದಕ್ಕೆ ಬಂತು. "ಬಾ... ಬಾ..." ಎಂದು ಆಕೆಯ ಬಾಯಿ ತಾನಾಗಿಯೇ ಹೇಳುತ್ತಿತ್ತು. ಒಂದು ಮೊಳ ಉಳಿಯಿತು. ಒಂದು ಗೇಣು ಉಳಿಯಿತು. ಕನ್ನಡಕದವನು ಬ್ರೇಕ್ ಹಾಕಿ ತಲೆ ಹೊರಗಿಟ್ಟು, "ತಗುಲಿತಾ?" ಎಂದು ಕೇಳಿದ.

ಆಕೆ ಆ ಸಂದಿಯನ್ನೇ ನೋಡುತ್ತ ನಿಂತಳು.

"ಅಮ್ಮಾ, ತಗುಲಿತಾ? ಸಾಕಾ?"

"ಇಲ್ಲ" ಎಂದಳು ಗುಂಡಿಯಕ್ಕ. ಆಮೇಲೆ ದನಿ ಏರಿತು. "ಇಲ್ಲ. ಇನ್ನೂ ಒಂದು ಗೇಣಿದೆ. ಅವತ್ತೂ ಒಂದು ಗೇಣಿತ್ತು. ನಾನು ಸಾಕು ಅಂದೆ. ಮಿಶಿನ್ನೂ ಹಿಂದೇನೇ ಇತ್ತು. ನಾನು ಎಳೆದಿರಲಿಲ್ಲ. ಪೀಪಾಯೀಲಿ ನೀರೂ ಇರಲಿಲ್ಲ. ಅವಳು ಕೇಳಿದ್ಲು, ನಾನು ಸುಳ್ಳು ಹೇಳ್ದೆ."

ಅಂಗಳದಲ್ಲಿ ಇಂಜಿನ್ ಒಂದರದೇ ಸದ್ದು. ಕನ್ನಡಕದವನು ಅದನ್ನೂ ಆರಿಸಿದ. ಏನೂ ಅರ್ಥವಾಗದಿದ್ದರೂ, ಇದು ಪರರ ಮನೆಯ ವಿಷಯ ಎಂಬಷ್ಟು ಅವನಿಗೆ ಅರ್ಥವಾಗಿತ್ತು. "ನಾನು ಆಮೇಲೆ ಬರ್ತೀನಿ" ಎಂದು ಇಳಿದು, ತನ್ನ ಸ್ಕೂಟರ್ ಹತ್ತಿ ಹೊರಟೇಹೋದ.

ವ್ಯಾನ್ ಮಿಸ್ ಕಲ್ಲಿನಿಂದ ಎದ್ದು ಬಂದಳು. ಅಳಲಿಲ್ಲ, ಕೂಗಲಿಲ್ಲ. "ಮಿಶಿನ್ ಎಲ್ಲಿತ್ತು?" ಎಂದು ಕೇಳಿದಳು.

"ಬಾಗಿಲ ಹತ್ರ. ನನ್ನನ್ನ..."

"ಟ್ರಂಕು?"

"ಅದೂ ಹಿಂದೇನೇ."

"ಅಲ್ಲೇ ಇಡಿ. ಅವತ್ತು ಹೇಗಿತ್ತೋ ಹಾಗೇ ಇಡಿ. ಗೇಣು ಜಾಗಾನೂ ಹಾಗೇ ಬಿಡಿ."

ಮೇಸ್ತ್ರಿ "ಬೇಡ ತಂಗಿ, ಈಗ ಯಾಕೆ" ಎಂದ. ಅವಳು ಅವನನ್ನು ನೋಡಿದ ರೀತಿಗೆ ಅವನು ಸುಮ್ಮನಾಗಿ ಜಾಕಿ ಇಳಿಸಿದ. ಶೆಡ್ಡಿನ ಮೂಲೆಯಲ್ಲಿದ್ದ ಮಿಶಿನ್ನನ್ನೂ ಟ್ರಂಕನ್ನೂ ಮೂವರೂ ಸೇರಿ ಹತ್ತಿಸಿದರು. ಕೊಂಡಿಗಳನ್ನು ಬಿಗಿದರು. ವ್ಯಾನ್ ಮಿಸ್ ಸ್ಟೀರಿಂಗ್ ಮುಂದೆ ಕೂತು, ಪಕ್ಕದ ಬಾಗಿಲು ತೆರೆದು, "ಹತ್ತಿ" ಎಂದಳು. ಗುಂಡಿಯಕ್ಕ ಹತ್ತಿದಳು.

ಶೆಡ್ಡಿನ ಹಿಂದೆ ಲಾರಿಗಳು ನಿಲ್ಲುವ ಬಯಲು. ಹಗಲಿನಲ್ಲಿ ಅದು ಖಾಲಿ. ಅದರ ಒಂದು ಅಂಚಿನಲ್ಲಿ ಮಣ್ಣಿನ ಏರು. ತಿಂಗಳುಗಟ್ಟಲೆ ಮುಟ್ಟದ ಸ್ಟೀರಿಂಗನ್ನು ವ್ಯಾನ್ ಮಿಸ್ ಮೊದಲು ಸುಮ್ಮನೆ ಹಿಡಿದು ಕೂತಳು. ಆಮೇಲೆ ಎತ್ತಿನಗಾಡಿಯಷ್ಟು ಮೆಲ್ಲಗೆ ಬಯಲಿನಲ್ಲಿ ಒಂದು ಸುತ್ತು ಹಾಕಿ, ಗಾಡಿಯನ್ನು ಏರಿಗೆ ಬಿಟ್ಟಳು. ಮೇಲೆ ಬಂದು ಎಡಕ್ಕೆ ತಿರುಗಿಸಿದಳು. ಗಾಡಿಯ ಮೂತಿ ತಿರುಗಲು ಮನಸ್ಸಿಲ್ಲದಂತೆ ನೇರಕ್ಕೆ ಜಾರಿತು, ಬಾಲ ಒಂದು ಸಲ ಒಲೆಯಿತು.

"ಇದೇ" ಎಂದಳು ವ್ಯಾನ್ ಮಿಸ್. ಬ್ರೇಕ್ ಹಾಕಿ ನಿಲ್ಲಿಸಿದಳು. "ಇದೇ ಇದು. ಅವತ್ತಿನದು ಇದೇ."

ಮತ್ತೆ ಮಾಡಿದಳು. ಮತ್ತೊಮ್ಮೆ. ಪ್ರತಿ ಸಲವೂ "ಇದೇ" ಎನ್ನುವಾಗ ಅವಳ ದನಿ ಬೇರೆಯಾಗುತ್ತಿತ್ತು. ಕಡೆಯ ಸಲ ಸ್ಟೀರಿಂಗ್ ಮೇಲೆ ಹಣೆಯಿಟ್ಟು ಬಹಳ ಹೊತ್ತು ಹಾಗೇ ಇದ್ದಳು. ಗುಂಡಿಯಕ್ಕ ಬೆನ್ನ ಮೇಲೆ ಕೈ ಇಡಲು ಹೋದಳು. ಇಡುವ ಹಕ್ಕು ತನಗಿಲ್ಲವೆನಿಸಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಆಮೇಲೆ ಮನೆಯನ್ನು ಕಾಲುಗಳ ಮೇಲೆ ಎತ್ತಿ, ಗಾಡಿಯನ್ನು ಹಲಗೆ ತಗುಲುವವರೆಗೂ ಹಿಂದಕ್ಕೆ ತಂದರು. ಮಿಶಿನ್ನನ್ನೂ ಟ್ರಂಕನ್ನೂ ಗೆರೆಯಾಚೆ ಎಳೆದು, ಪೀಪಾಯಿಗೆ ನೀರು ತುಂಬಿದರು. ಅದೇ ಏರು, ಅದೇ ತಿರುವು. ಗಾಡಿ ಕಿವಿ ಹಿಂಡಿದ ಮಗುವಿನಂತೆ ತಿರುಗಿತು. ವ್ಯಾನ್ ಮಿಸ್ ಇಳಿಜಾರಿನ ಬುಡದಲ್ಲಿ ನಿಲ್ಲಿಸಿ, ಮುಂದೆಯೇ ನೋಡುತ್ತ ಹೇಳಿದಳು:

"ನಾನು ದಿನಾ ಬೆಳಿಗ್ಗೆ ಎದ್ದು ಈ ಕೈ ನೋಡ್ಕೋತಿದ್ದೆ ಅತ್ತಿಗೆ. ಇವತ್ತು ಇದು ಏನು ಮಾಡುತ್ತೋ ಅಂತ. ನೀವು ಎದುರಿಗೇ ಕೂತು ನನಗೆ ಟೀ ಕೊಡ್ತಿದ್ರಿ." ಕೈ ಚಾಚಿ ಅತ್ತಿಗೆಯ ಕಡೆಯ ಬಾಗಿಲು ತೆರೆದು, "ಇಳೀರಿ" ಎಂದಳು.

ಗುಂಡಿಯಕ್ಕ ಇಳಿದಳು. ಪಿಕಪ್ಪು ಬಯಲು ದಾಟಿ, ಗೇಟು ದಾಟಿ, ರಸ್ತೆಗೆ ಬಿದ್ದು ಮರೆಯಾಯಿತು. ಬಿಸಿಲು ಇಳಿಯುವ ಹೊತ್ತಿಗೆ ವಾಪಸ್ಸು ಬಂದಾಗ ವ್ಯಾನ್ ಮಿಸ್ ಮುಖ ತೊಳೆದುಕೊಂಡಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. "ಕನ್ನಡಕದವರಿಗೆ ಗಾಡಿ ಕೊಡಲ್ಲ ಅಂತ ಹೇಳಿ" ಎಂದು ಮೇಸ್ತ್ರಿಗೆ ಹೇಳಿ, ಮನೆಗೆ ನಡೆದೇ ಹೋದಳು.

ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ಇರುವುದು ಒಂದೇ ಕೋಣೆ, ಒಂದೇ ಅಡುಗೆಮನೆ. ಒಬ್ಬರಿಗೊಬ್ಬರು ಮೈ ತಗುಲದೆ ಓಡಾಡಲೂ ಆಗದಷ್ಟು ಚಿಕ್ಕದು. "ಟೀ ಇದೆ", "ಬೀಗ ಹಾಕಿದೆ", "ನೀರು ಬಂತು". ಅಷ್ಟೇ. ರಸ್ತೆ ದಾಟುವಾಗ ವ್ಯಾನ್ ಮಿಸ್ ಯಾರ ಕೈಯನ್ನೂ ಹಿಡಿಯಲಿಲ್ಲ. ಅದನ್ನು ಕಂಡು ಗುಂಡಿಯಕ್ಕನಿಗೆ ಸಂತೋಷವಾಯಿತು. ತನ್ನ ಖಾಲಿ ಅಂಗೈ ನೋಡಿಕೊಂಡು ಸಂಕಟವೂ ಆಯಿತು.

ಒಂದು ಬೆಳಿಗ್ಗೆ ವ್ಯಾನ್ ಮಿಸ್ ತಾನಾಗಿ ಬಾಯಿಬಿಟ್ಟಳು. "ಬೀಗದವರ ಮನೆಗೆ ಹೋಗಿ ಹೇಳ್ಬನ್ನಿ. ಅಲ್ಲಿ ನಾನು ಅತ್ತಿದ್ದೆ. ಆ ಲೆಕ್ಕ ನೀವೇ ಸರಿಮಾಡ್ಬೇಕು. ನಾನು ಬರಲ್ಲ."

ಗುಂಡಿಯಕ್ಕ ಬಸ್ಸಿನಲ್ಲಿ ಹೋದಳು. ಬೀಗದವನು ಜಗಲಿಯ ಮೇಲೆ ಅರ ಹಿಡಿದು ಕೀಲಿ ತಿಕ್ಕುತ್ತಿದ್ದ. ಆಕೆ ನಿಂತೇ ಎಲ್ಲವನ್ನೂ ಹೇಳಿದಳು, ಮಿಶಿನ್ನು, ಗೇಣು, ಸುಳ್ಳು. ಅವನು ಕೀಲಿಯ ಪುಡಿ ಊದಿ, "ಯಾರ ತಪ್ಪು ಅಂತ ನನ್ನ ಕಾಲಿಗೆ ಗೊತ್ತಾಗಲ್ಲವಲ್ಲಮ್ಮ" ಎಂದ. "ಆ ದಿಬ್ಬದ ದಾರೀಲಿ ನಾನು ಹೋಗೋದೇ ಬಿಟ್ಟೆ. ನೆತ್ತಿಗೆ ಹೋದ್ರೆ ಮೊಣಕಾಲು ತಾನಾಗೇ ನಡುಗುತ್ತೆ. ಕೆರೆ ಕಡೆಯಿಂದ ಸುತ್ತಿ ಹೋಗ್ತೀನಿ." ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಆಕೆಗೆ.

ಅವನ ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳುತ್ತಿದ್ದಳು. "ಅವತ್ತು ಆಯಮ್ಮ ಹಾಗೆ ಅತ್ತಾಗ ನೀವು ಇಲ್ಲೇ ಕೂತಿದ್ರಲ್ಲ?" ಎಂದಳು.

"ಹೌದು. ಇಲ್ಲೇ ಕೂತಿದ್ದೆ."

"ಅದ್ಹೇಗೆ ಕೂತಿದ್ರಿ?"

ಆ ಹೆಂಗಸು ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಮನೆಗೆ ಬಂದಾಗ ವ್ಯಾನ್ ಮಿಸ್ "ಏನಂದ್ರು?" ಎಂದು ಕೇಳಿದಳು. ಗುಂಡಿಯಕ್ಕ ಒಂದಕ್ಷರ ಬಿಡದೆ ಹೇಳಿದಳು, ಕಡೆಯ ಪ್ರಶ್ನೆಯನ್ನೂ ಸೇರಿಸಿ. "ಆಯಮ್ಮ ಸರಿಯಾಗೇ ಕೇಳಿದ್ದಾರೆ" ಎಂದಳು ವ್ಯಾನ್ ಮಿಸ್. ಆ ರಾತ್ರಿಯ ಊಟಕ್ಕೆ ತಟ್ಟೆ ಹಾಕಿದವಳು ಮಾತ್ರ ಅವಳೇ.

ಮಳೆಗಾಲ ಕಳೆದ ಮೇಲೆ ಮತ್ತೆ ಸಂತೆಗಳಿಗೆ ಹೊರಟರು. ಈಗ ಪೆಟ್ಟಿಗೆಮನೆ ಕೂರಿಸುವಾಗ ವ್ಯಾನ್ ಮಿಸ್ ತಾನೇ ಇಳಿದು ಬಂದು, ಮುಂಗೋಡೆಗೂ ಹಲಗೆಗೂ ನಡುವೆ ಬೆರಳು ತೂರಿಸಿ ನೋಡುತ್ತಾಳೆ. ಒಳಗೆ ಹೋಗಿ ಮಿಶಿನ್ನನ್ನು ಕಾಲಿನಿಂದ ಒತ್ತಿ ನೋಡುತ್ತಾಳೆ, ಪೀಪಾ‌ಯಿಯ ಮುಚ್ಚಳ ತೆಗೆದು ನೀರು ನೋಡುತ್ತಾಳೆ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ, ಕೊಂಡಿಗಳನ್ನು ಮತ್ತೊಮ್ಮೆ ಬಿಗಿಯುತ್ತಾಳೆ. ಗುಂಡಿಯಕ್ಕ ಅಷ್ಟು ಹೊತ್ತೂ ಪಕ್ಕದಲ್ಲಿ ನಿಂತಿರುತ್ತಾಳೆ. ಅದು ತನಗೆ ಸಲ್ಲಬೇಕಾದದ್ದೇ ಎಂದು ಆಕೆಗೆ ಗೊತ್ತು. ಆದರೂ ಪ್ರತಿ ಸಲ ಮುಖಕ್ಕೆ ರಕ್ತ ನುಗ್ಗುತ್ತದೆ.

ಒಂದು ಸಂತೆ ಮುಗಿದು, ಮನೆಯನ್ನು ಇನ್ನೂ ಕೂರಿಸದೆ ಬರಿ ಗಾಡಿ ನಿಂತಿದ್ದ ಮಧ್ಯಾಹ್ನ, ವ್ಯಾನ್ ಮಿಸ್ ಕೀಲಿಯನ್ನು ಅತ್ತಿಗೆಯ ಮಡಿಲಿಗೆ ಎಸೆದಳು. "ಕಲೀರಿ" ಎಂದಳು. "ನಾನೊಬ್ಬಳೇ ಯಾಕೆ ಹೆದರ್ಬೇಕು? ನೀವೂ ಸ್ವಲ್ಪ ಹೆದರಿ."

"ಈ ವಯಸ್ಸಲ್ಲಾ? ನನಗೆ ಕಾಲೇ ಎಟುಕಲ್ಲ ಕಣೇ."

"ದಿಂಬು ಇಟ್ಕೊಳಿ."

ಬೆನ್ನ ಹಿಂದೆ ದಿಂಬಿಟ್ಟುಕೊಂಡು ಗುಂಡಿಯಕ್ಕ ಸ್ಟೀರಿಂಗ್ ಹಿಡಿದಳು. ಗಾಡಿ ಎರಡು ಹೆಜ್ಜೆ ಕಪ್ಪೆಯಂತೆ ಹಾರಿ ನಿಂತಿತು. "ಕ್ಲಚ್ಚು! ಕ್ಲಚ್ಚು ಅತ್ತಿಗೆ! ಅದು ಹೊಲಿಗೆ ಮಿಶಿನ್ ಪೆಡಲ್ ಅಲ್ಲ, ತುಳೀತಾನೇ ಇರೋಕೆ!" ಎಂದು ವ್ಯಾನ್ ಮಿಸ್ ಕಿರುಚಿದಳು. ಸಂತೆಯಲ್ಲಿ ಮೂಟೆ ಕಟ್ಟುತ್ತಿದ್ದವರೆಲ್ಲ ತಿರುಗಿ ನೋಡಿದರು. ಗುಂಡಿಯಕ್ಕ ಮತ್ತೆ ಇಂಜಿನ್ ಶುರು ಮಾಡಿದಳು, ಮತ್ತೆ ನಿಂತಿತು, ಮತ್ತೆ ಬೈಗುಳ ಬಂತು. ಇಡೀ ವರ್ಷದಲ್ಲಿ ನಾದಿನಿ ಬಾಯ್ತುಂಬ ಬೈದದ್ದು ಅದೇ ಮೊದಲು. ಗುಂಡಿಯಕ್ಕ ಬೆವರೊರೆಸಿಕೊಂಡು, ಗೇರ್ ಹಾಕಲು ಎಡಗೈ ಚಾಚಿದಳು.